ನಗಿರೆಯನ್ನು ನೋಡುವ ಬಗೆ

ಕುಮಟಾದಿಂದ ಶಿರಸಿಗೆ ಹೋಗುವ ರಸ್ತೆಯು ಕತಗಾಲವನ್ನು ದಾಟಿದ ಮೇಲೆ ಗದ್ದೆಬಯಲಿನ ಸಹವಾಸವನ್ನು ಬಿಟ್ಟು ದೇವಿಮನೆ ಘಟ್ಟದ ಏರನ್ನು ಹಿಡಿಯುತ್ತದೆ. ಕತಗಾಲವು ಇತಿಹಾಸಗ್ರಂಥಗಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಊರಲ್ಲ. ಆದರೂ ಉತ್ತರ ಕನ್ನಡದ ಕರಾವಳಿಯಲ್ಲಿ ಹಳೆಯ ಪಟ್ಟಣಗಳು ಏಕೆ ಹುಟ್ಟಿದವು, ಏಕೆ ಅಳಿದವು ಎಂಬುದನ್ನು ತಿಳಿಯಬಯಸುವವರು ಇಂಥದೊಂದು ಘಟ್ಟದ ಬುಡದ ಊರಿನಿಂದಲೇ ಹೊರಡುವುದು ಒಳ್ಳೆಯದು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಮಲೆ, ಇವೆರಡನ್ನೂ ಬೆಸೆಯುವ ಒಂದು ಹೊಳೆ, ಹೊಳೆಯಲ್ಲಿ ದೋಣಿ ಹೋಗಲಾರದ ಕಡೆ ಆರಂಭವಾಗುವ ಒಂದು ಘಟ್ಟದ ದಾರಿ: ಈ ನಾಲ್ಕು ಸೇರಿದಲ್ಲೆಲ್ಲ ಇಲ್ಲಿ ವ್ಯಾಪಾರ ನೆಲೆಗೊಂಡಿದೆ. ಅಘನಾಶಿನಿಯ ಕಣಿವೆಯಲ್ಲಿ ಮಿರ್ಜಾನ ಹಾಗೆ ಬೆಳೆಯಿತು. ಶರಾವತಿಯ ಕಣಿವೆಯಲ್ಲಿ ಕಡಲಂಚಿನ ಹೊನ್ನಾವರವೂ ಘಟ್ಟದ ಬುಡದ ಗೇರುಸೊಪ್ಪೆಯೂ ಹಾಗೆಯೇ ಬೆಳೆದವು.

ಇಂದು ಕುಮಟಾ, ಹೊನ್ನಾವರ, ಭಟ್ಕಳ ತಾಲ್ಲೂಕುಗಳ ಐತಿಹಾಸಿಕ ಸ್ಥಳಗಳನ್ನು ನೋಡಲು ಬರುವ ಪ್ರವಾಸಿಗರು ಸಾಮಾನ್ಯವಾಗಿ ಒಂದೇ ಕ್ರಮವನ್ನು ಅನುಸರಿಸುತ್ತಾರೆ. ಮೊದಲು ಮಿರ್ಜಾನದ ಚಿರೆಕಲ್ಲಿನ ಕೋಟೆ, ಅದರ ಪಾಚಿಗಟ್ಟಿದ ಬುರುಜುಗಳು. ಅನಂತರ ಹೊನ್ನಾವರದ ಅಳಿವೆ. ಅಲ್ಲಿಂದ ಹೊಳೆಯ ದಡ ಹಿಡಿದು ಗೇರುಸೊಪ್ಪೆಯ ಚತುರ್ಮುಖ ಬಸದಿ. ಸಮಯ ಉಳಿದರೆ ಭಟ್ಕಳದ ಬಸದಿ, ದೇವಾಲಯಗಳು. ಎಲ್ಲಕ್ಕೂ ಒಂದೇ ಹೆಸರು ಬಾಯಲ್ಲಿ ಬರುತ್ತದೆ: ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ. ಹೆಸರು ಸುಳ್ಳಲ್ಲ. ಆದರೆ ಈ ಬಿರುದು ಎಲ್ಲಿಂದ ಬಂದಿತು, ಯಾರು ಕೊಟ್ಟದ್ದು, ಅದು ಯಾವುದನ್ನು ಹೇಳುತ್ತದೆ, ಯಾವುದನ್ನು ಮರೆಸುತ್ತದೆ ಎಂಬುದನ್ನು ವಿಚಾರಿಸದೆ ಹೋದರೆ ನೋಡಿದ್ದು ಕಲ್ಲುಗಳನ್ನು ಮಾತ್ರ ಎಂದಾಗುತ್ತದೆ.

ಗೇರುಸೊಪ್ಪೆಯ ಹೆಸರುಗಳಿಂದಲೇ ಆರಂಭಿಸಬಹುದು. ನಗಿರೆ, ಕ್ಷೇಮಪುರ, ಭಲ್ಲಾತಕೀಪುರ ಎಂಬ ಹೆಸರುಗಳು ಈ ಪಟ್ಟಣಕ್ಕಿದ್ದವು. ಭಲ್ಲಾತಕೀಪುರ ಎಂಬುದು ಗೇರುಸೊಪ್ಪೆ ಎಂಬ ದೇಶ್ಯ ಹೆಸರಿನ ಸಂಸ್ಕೃತ ರೂಪ. ಇಂದು ಕರಾವಳಿಯಲ್ಲಿ ಗೇರು ಎಂದರೆ ಗೇರುಬೀಜದ, ಅಂದರೆ ಗೋಡಂಬಿಯ ಮರ. ಆದರೆ ಆ ಮರ ಅಮೆರಿಕ ಖಂಡದ್ದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂದದ್ದು. ಸಂಸ್ಕೃತದ ಭಲ್ಲಾತಕವಾದರೋ ನಮ್ಮ ಕಾಡಿನ ಕರಿಗೇರು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದುದು ಅದರ ಕಾಯಿಯ ರಸದಿಂದ. ಊರಿನ ಹೆಸರಿನಲ್ಲಿರುವ ಗೇರು ಈ ಹಳೆಯ ಗೇರು. ಹೊಸದಾಗಿ ಬಂದ ಮರ ಹಳೆಯ ಮರದ ಹೆಸರನ್ನೇ ಪಡೆದುಕೊಂಡಿತು. ಹಳೆಯದು ತನ್ನನ್ನು ಗುರುತಿಸಿಕೊಳ್ಳಲು ‘ಕರಿ’ ಎಂಬ ವಿಶೇಷಣವನ್ನು ಸೇರಿಸಿಕೊಳ್ಳಬೇಕಾಯಿತು.

ಇದೇ ಗತಿ ಮೆಣಸಿಗೂ ಒದಗಿದೆ. ಹಳಗನ್ನಡದಲ್ಲಿ ಮೆಣಸು ಎಂದರೆ ಬಳ್ಳಿಯಲ್ಲಿ ಬಿಡುವ ಕಾಳು. ಬೇರೆ ಅರ್ಥವೇ ಇರಲಿಲ್ಲ. ಮೆಣಸಿನಕಾಯಿಯೂ ಅಮೆರಿಕದಿಂದ ಪೋರ್ಚುಗೀಸರ ಹಡಗುಗಳಲ್ಲೇ ಬಂದದ್ದು. ಅದು ಅಡುಗೆಮನೆಯನ್ನು ಹಿಡಿದ ಮೇಲೆ ಮೂಲದ ಮೆಣಸು ಕಾಳುಮೆಣಸು, ಕರಿಮೆಣಸು ಎನಿಸಿಕೊಂಡಿತು. ಚೆನ್ನಭೈರಾದೇವಿಯ ಆಳ್ವಿಕೆಯ ಕಾಲವು ಈ ಬದಲಾವಣೆಗಳ ಕಾಲವೂ ಹೌದು. ಒಂದು ರಾಜ್ಯದ ಸಂಪತ್ತಿಗೆ ಕಾರಣವಾದ ಪದಾರ್ಥವೇ ತನ್ನ ಹೆಸರಿನ ಮೇಲಿನ ಏಕಸ್ವಾಮ್ಯವನ್ನು ಕಳೆದುಕೊಂಡದ್ದು ಅದೇ ಕಡಲ ವ್ಯಾಪಾರದ ಫಲವಾಗಿ. ಭಾಷೆಯನ್ನು ಓದುವವನಿಗೆ ಈ ಎರಡು ಪದಗಳೂ ಪಾಳುಗೋಡೆಗಳಷ್ಟೇ ಮುಖ್ಯವಾದ ಅವಶೇಷಗಳು.

ಮೆಣಸಿನ ವ್ಯಾಪಾರಕ್ಕೆ ಹಿನ್ನೆಲೆ ದೀರ್ಘವಾಗಿದೆ. ರೋಮಿನ ಹಿರಿಯ ಪ್ಲಿನಿ ಕ್ರಿ.ಶ. ಒಂದನೆಯ ಶತಮಾನದಲ್ಲಿಯೇ, ಖಾರವೊಂದನ್ನು ಬಿಟ್ಟರೆ ಯಾವ ಗುಣವೂ ಇಲ್ಲದ ಈ ಕಾಳನ್ನು ಜನ ಚಿನ್ನ ಬೆಳ್ಳಿಗಳಂತೆ ತೂಗಿ ಕೊಳ್ಳುತ್ತಾರಲ್ಲ ಎಂದು ಬೇಸರಪಟ್ಟಿದ್ದನು. ಅದೇ ಶತಮಾನದ ಗ್ರೀಕ್ ನಾವಿಕ ಕೈಪಿಡಿ ‘ಪೆರಿಪ್ಲಸ್’ ಹೇಳುವ ನೌರಾ ಎಂಬ ಬಂದರು ಹೊನ್ನಾವರವೇ ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಬೇರೆಯವರು ಅದನ್ನು ಕಣ್ಣಾನೂರೆನ್ನುತ್ತಾರೆ. ಹದಿನಾಲ್ಕನೆಯ ಶತಮಾನಕ್ಕೆ ಬಂದರೆ ನೆಲ ಗಟ್ಟಿಯಾಗುತ್ತದೆ. ಮೆಡಿಟರೇನಿಯನ್ನಿನ ಬಾಗಿಲಲ್ಲಿರುವ ಟಾಂಜಿಯರ್‌ನಲ್ಲಿ ಹುಟ್ಟಿದ ಇಬ್ನ್ ಬತೂತ ಹೊನ್ನಾವರಕ್ಕೆ ಬಂದು ತಂಗಿದ್ದನು. ಆ ಪಟ್ಟಣದಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಶಾಲೆಗಳನ್ನು ಕಂಡೆನೆಂದೂ ಅಲ್ಲಿಯ ಹೆಂಗಸರು ಕುರಾನನ್ನು ಕಂಠಪಾಠ ಮಾಡಿದ್ದರೆಂದೂ ಬರೆದಿದ್ದಾನೆ. ಬಂದರೆಂದರೆ ಸರಕು ಇಳಿಸುವ ಜಾಗ ಮಾತ್ರವಲ್ಲ, ಅಕ್ಷರ ಬೆಳೆಯುವ ಜಾಗವೂ ಹೌದು ಎಂಬುದಕ್ಕೆ ಈ ಸಾಕ್ಷ್ಯ ಸಾಕು.

ಘಟ್ಟದ ಮೇಲಿನ ತೋಟಗಳ ಮೆಣಸು ಹೇರೆತ್ತುಗಳ ಬೆನ್ನಮೇಲೆ ಇಳಿದು ಗೇರುಸೊಪ್ಪೆಗೆ ಬರುತ್ತಿತ್ತು. ಅಲ್ಲಿಂದ ದೋಣಿಯಲ್ಲಿ ಸುಮಾರು 30 ಕಿ.ಮೀ. ಸಾಗಿ ಹೊನ್ನಾವರದ ಅಳಿವೆಯನ್ನು ಸೇರುತ್ತಿತ್ತು. ದಕ್ಷಿಣದ ಭಟ್ಕಳದಲ್ಲಿ ಅಕ್ಕಿ, ಸಕ್ಕರೆ, ಕಬ್ಬಿಣ ಹಡಗೇರಿದರೆ ಹರ್ಮುಜ್‌ನಿಂದ ಬಂದ ಕುದುರೆಗಳು ಇಳಿದು ವಿಜಯನಗರದ ದಾರಿ ಹಿಡಿಯುತ್ತಿದ್ದವು. ಈ ವ್ಯಾಪಾರದ ಮೇಲೆ ಪೋರ್ಚುಗೀಸರ ಕಣ್ಣು ಬಿದ್ದ ಮೇಲೆ ಕರಾವಳಿಗೆ ನೆಮ್ಮದಿ ಉಳಿಯಲಿಲ್ಲ. 1542ರಲ್ಲಿ ಅವರು ಭಟ್ಕಳವನ್ನು ಸುಲಿದು ಸುಟ್ಟರು. 1569ರಲ್ಲಿ ಹೊನ್ನಾವರದ ಕೋಟೆಯನ್ನು ಹಿಡಿದರು. ಈ ಎರಡು ಘಟನೆಗಳ ನಡುವೆ, ಸುಮಾರು 1552ರಲ್ಲಿ, ಚೆನ್ನಭೈರಾದೇವಿಯ ಆಳ್ವಿಕೆ ಆರಂಭವಾಗುತ್ತದೆ. 1565ರಲ್ಲಿ ವಿಜಯನಗರವು ಸೋತು ಹಿಂದಿನ ಆಸರೆ ಇಲ್ಲವಾದ ಮೇಲೂ ಅವಳು ರಾಜ್ಯವನ್ನು ಉಳಿಸಿಕೊಂಡಳು. ಒಂದು ಕಡೆ ಕಡಲಿನ ಬಲ, ಇನ್ನೊಂದು ಕಡೆ ಘಟ್ಟದ ಮೇಲೆ ಬೆಳೆಯುತ್ತಿದ್ದ ಕೆಳದಿಯ ಬಲ. ಇವೆರಡರ ನಡುವೆ ಅರ್ಧ ಶತಮಾನ ಆಳುವುದು ಅಲ್ಪಸಾಧನೆಯಲ್ಲ. ಕೊನೆಗೆ 1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕನಿಂದ ಅವಳು ಸೋತು ಸೆರೆಯಾದಳು.

ಆಮೇಲೆ 17 ವರ್ಷ ಕಳೆದು, 1623ರಲ್ಲಿ, ಈ ಪಾಳೂರನ್ನು ನೋಡಿ ಬರೆದಿಟ್ಟವನು ರೋಮ್ ನಗರದವನೇ ಆದ ಪಿಯೆತ್ರೊ ದೆಲ್ಲ ವಾಲೆ. ಗೋವೆಯಿಂದ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಪರಿವಾರದೊಂದಿಗೆ ಅವನು ಹೊನ್ನಾವರಕ್ಕೆ ಬಂದು, ಅಲ್ಲಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದನು. ಪುರಾತನ ಅವಶೇಷಗಳ ನಡುವೆಯೇ ಬೆಳೆದ ಮನುಷ್ಯ. ಪರ್ಷಿಯಾದಲ್ಲಿ ತೀರಿಕೊಂಡ ಪತ್ನಿಯ ದೇಹವನ್ನು ತನ್ನೂರಿನಲ್ಲೇ ಮಣ್ಣು ಮಾಡಬೇಕೆಂದು ಅದನ್ನು ಸಂರಕ್ಷಿಸಿಟ್ಟುಕೊಂಡು ದೇಶ ಸುತ್ತುತ್ತಿದ್ದವನು. 1626ರಲ್ಲಿ ಅವಳನ್ನು ರೋಮಿನ ಕುಟುಂಬದ ಸಮಾಧಿಯಲ್ಲಿ ಇರಿಸಿದನು. ಇಂಥವನ ಕಣ್ಣಿಗೆ ಶರಾವತಿಯ ಚೆಲುವೂ ಗೇರುಸೊಪ್ಪೆಯ ನಾಶವೂ ಒಟ್ಟಿಗೆ ಬಿದ್ದವು. ಒಂದು ಕಾಲಕ್ಕೆ ಪ್ರಸಿದ್ಧ ರಾಜಧಾನಿಯಾಗಿದ್ದ ಊರಿನಲ್ಲಿ ಈಗ ಅರಮನೆ ಬಿದ್ದು, ಮರಗಳು ಬೆಳೆದು, ಕೆಲವು ರೈತರ ಗುಡಿಸಲುಗಳು ಮಾತ್ರ ಉಳಿದಿವೆ ಎಂದು ಅವನು ಬರೆದನು. ಇಲ್ಲಿಯ ಮೆಣಸಿನ ಸಮೃದ್ಧಿಯಿಂದಾಗಿ ಪೋರ್ಚುಗೀಸರು ಈ ರಾಣಿಯನ್ನು ಮೆಣಸಿನ ರಾಣಿ ಎನ್ನುತ್ತಿದ್ದರೆಂದು ತಿಳಿಸಿದವನೂ ಅವನೇ. ಅಂದರೆ ಇಂದು ನಾವು ಅಭಿಮಾನದಿಂದ ಹೇಳುವ ಬಿರುದು ಕೊಳ್ಳುವವರು ಮಾರುವವರಿಗೆ ಇಟ್ಟ ಹೆಸರು. ಪೇಟೆಯ ಭಾಷೆಯಲ್ಲಿ ಅವಳು ಏನನ್ನು ಮಾರುತ್ತಿದ್ದಳೋ ಅದೇ ಅವಳ ಗುರುತಾಯಿತು.

ಅವನು ದಾಖಲಿಸಿದ ಇನ್ನೊಂದು ಸಂಗತಿ ಹೆಚ್ಚು ಎಚ್ಚರದಿಂದ ಓದಬೇಕಾದದ್ದು. ರಾಣಿ ಹೊರಗಿನಿಂದ ಬಂದ, ಕುಲಗೌರವವಿಲ್ಲದ ಒಬ್ಬನಲ್ಲಿ ಅನುರಕ್ತಳಾಗಿ ಅವನಿಗೆ ಅಧಿಕಾರವನ್ನೊಪ್ಪಿಸಿದಳು. ಅವನು ಅವಳಿಗೇ ತಿರುಗಿಬಿದ್ದನು. ಅವಳು ಪೋರ್ಚುಗೀಸರ ನೆರವನ್ನು ಬೇಡಿದಳು, ಅವನು ವೆಂಕಟಪ್ಪನನ್ನು ಕರೆಸಿದನು. ವೆಂಕಟಪ್ಪ ನಾಡನ್ನೇ ವಶಪಡಿಸಿಕೊಂಡು ಅವಳನ್ನು ಗೌರವದ ಸೆರೆಯಲ್ಲಿರಿಸಿದನು. ಇದು ಅವನು ಹೇಳುವ ಕಥೆಯ ಸಾರ. ಅನೇಕರು ಇದನ್ನು ಹಾಗೆಯೇ ಇತಿಹಾಸವೆಂದು ಒಪ್ಪಿದ್ದಾರೆ. ಆದರೆ ದೆಲ್ಲ ವಾಲೆ ಪ್ರತ್ಯಕ್ಷದರ್ಶಿಯಲ್ಲ. ಅವನ ಸಹಪ್ರಯಾಣಿಕರಲ್ಲಿ ಒಂದು ಪಕ್ಷ ಪೋರ್ಚುಗೀಸರದು. ಇನ್ನೊಂದು ಪಕ್ಷ, ಗೋವೆಯಿಂದ ಹಿಂತಿರುಗುತ್ತಿದ್ದ ವೆಂಕಟಪ್ಪ ನಾಯಕನ ಸ್ವಂತ ರಾಯಭಾರಿಯದು. ಗೆದ್ದವರ ಜೊತೆಗೂ, ನೆರವಾಗದೆ ಉಳಿದವರ ಜೊತೆಗೂ ಪ್ರಯಾಣಿಸುತ್ತಿದ್ದವನ ಕಿವಿಗೆ ಸೋತವಳ ಕಥೆ ಯಾವ ರೂಪದಲ್ಲಿ ಬೀಳಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಅಷ್ಟರಿಂದಲೇ ಕಥೆ ಸುಳ್ಳೆಂದು ಸಾಧಿತವಾಗುವುದಿಲ್ಲ. ಆದರೆ ರಾಜ್ಯವೊಂದರ ಪತನಕ್ಕೆ ಹೆಣ್ಣಿನ ಮೋಹವನ್ನು ಕಾರಣವಾಗಿಸುವ ಕಥೆ ಎಲ್ಲ ದೇಶಗಳಲ್ಲೂ ಗೆದ್ದವರಿಗೆ ಅನುಕೂಲಕರವಾದದ್ದು. ಘಟ್ಟದ ದಾರಿಗಳನ್ನೂ ಬಂದರುಗಳನ್ನೂ ಒಂದೇ ಕೈಯಲ್ಲಿ ಹಿಡಿಯಬೇಕೆಂಬ ಕೆಳದಿಯ ಆಕಾಂಕ್ಷೆಯೊಂದೇ ಈ ಯುದ್ಧಕ್ಕೆ ಸಾಕಷ್ಟು ಕಾರಣವಾಗಿತ್ತು. ಇತ್ತೀಚೆಗೆ ಗಜಾನನ ಶರ್ಮರು ‘ಚೆನ್ನಭೈರಾದೇವಿ’ ಕಾದಂಬರಿಯಲ್ಲಿ ಈ ರಾಣಿಯ ಬದುಕನ್ನು ಕನ್ನಡದ ಓದುಗರ ಮುಂದೆ ತಂದಿರುವುದು ಈ ಹಿನ್ನೆಲೆಯಲ್ಲಿ ಸ್ವಾಗತಾರ್ಹ.

ಹಾಗಾದರೆ ನಗಿರೆ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು ಎಲ್ಲಿದೆ? ಅದರ ಒಂದು ಭಾಗ ಶರಾವತಿಯ ದಡದ ನಗರಬಸ್ತಿಕೇರಿಯಲ್ಲಿದೆ. ಊರಿನ ಈ ಹೆಸರಿನಲ್ಲಿಯೇ ನಗರವೂ ಇದೆ, ಬಸದಿಯೂ ಇದೆ. ಚತುರ್ಮುಖ ಬಸದಿಯು ಕೂಡುಚಿಹ್ನೆಯ ಆಕಾರದ ತಲವಿನ್ಯಾಸದ ಮೇಲೆ ನಿಂತಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು. ಯಾವ ಬಾಗಿಲಿನಿಂದ ಒಳಹೊಕ್ಕರೂ ಎದುರಿಗೆ ಕುಳಿತ ಜಿನಬಿಂಬ. ತೀರ್ಥಂಕರನು ಸಮವಸರಣದಲ್ಲಿ ಉಪದೇಶಿಸುವಾಗ ಎಲ್ಲ ದಿಕ್ಕಿನವರಿಗೂ ಅಭಿಮುಖನಾಗಿ ಕಾಣುತ್ತಾನೆ ಎಂಬ ಭಾವನೆಗೆ ಶಿಲ್ಪಿ ಕೊಟ್ಟ ರೂಪ ಇದು. ಕಾರ್ಕಳದಲ್ಲಿ 1586ರಲ್ಲಿ ಇಮ್ಮಡಿ ಭೈರವರಸನು ಕಟ್ಟಿಸಿದ ಚತುರ್ಮುಖ ಬಸದಿಯಲ್ಲಿ ಇದೇ ಭಾವನೆ ಇನ್ನಷ್ಟು ವಿಸ್ತಾರವಾಗಿ ಮೂಡಿದೆ. ಆದರೆ ಅಲ್ಲಿಯ ಜಿನರು ನಿಂತಿದ್ದಾರೆ, ಇಲ್ಲಿಯವರು ಪದ್ಮಾಸನದಲ್ಲಿ ಕುಳಿತಿದ್ದಾರೆ. ಗೇರುಸೊಪ್ಪೆಯಂತಹ ವ್ಯಾಪಾರಿ ಪಟ್ಟಣದಲ್ಲಿ, ಯಾವ ದಿಕ್ಕಿನಿಂದ ಬಂದವನಿಗೂ ಬೆನ್ನು ತೋರದ ಬಿಂಬವನ್ನು ಸ್ಥಾಪಿಸಿದ್ದರಲ್ಲಿ ಒಂದು ಔಚಿತ್ಯವಿದೆ. ಸುತ್ತಲೂ ಪಾರ್ಶ್ವನಾಥ, ವರ್ಧಮಾನ ಬಸದಿಗಳಿವೆ. ವೀರಭದ್ರನ ಮತ್ತು ತಿರುಮಲದೇವರ ಗುಡಿಗಳೂ ಇವೆ. ಜ್ವಾಲಾಮಾಲಿನಿಯ ಸನ್ನಿಧಿಗೆ ಭಕ್ತರು ಇಂದಿಗೂ ಬರುತ್ತಾರೆ. ಆದ್ದರಿಂದ ಇದು ಪೂರ್ತಿ ಸತ್ತ ಊರೂ ಅಲ್ಲ.

ಈ ಕಟ್ಟಡಗಳನ್ನು ಕಟ್ಟಿಸಿದವರು ಅರಸರು ಮಾತ್ರವೇ? ಶಾಸನಗಳು ಅಲ್ಲವೆನ್ನುತ್ತವೆ. ಲೂಯಿ ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕ’ದ ಎಂಟನೆಯ ಸಂಪುಟದಲ್ಲಿ ಅಚ್ಚಾಗಿರುವ, ಸುಮಾರು 1560ರ ಒಂದು ಶಾಸನವು ಕ್ಷೇಮಪುರದ ಅಂಬವಣ ಶ್ರೇಷ್ಠಿ ಎಂಬ ವರ್ತಕನು ನೇಮಿನಾಥ ಚೈತ್ಯಾಲಯದ ಮುಂದೆ ಕಂಚಿನ ಮಾನಸ್ತಂಭವನ್ನು ನಿಲ್ಲಿಸಿದ್ದನ್ನು ಹೇಳುತ್ತದೆ. ಮೆಣಸು ಮಾರಿ ಬಂದ ಹಣ ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ಇಂಥ ಶಾಸನಗಳು ಕೊಡುವ ಉತ್ತರ ಯಾವ ವಿದೇಶೀ ಪ್ರವಾಸಿಯ ಪತ್ರದಲ್ಲೂ ಸಿಗುವುದಿಲ್ಲ. ಪೋರ್ಚುಗೀಸರಿಗೆ ಕಂಡದ್ದು ಮೆಣಸಿನ ಮೂಟೆ. ಊರಿನವರು ಕಲ್ಲಿನಲ್ಲಿ ಬರೆಸಿಕೊಂಡದ್ದು ದಾನದ ನೆನಪು.

ನಗಿರೆಯ ಮಾತಿನ ಇನ್ನೊಂದು ಭಾಗ, ಬಹುಶಃ ಹೆಚ್ಚಿನ ಭಾಗ, ಗೇರುಸೊಪ್ಪೆಯಲ್ಲಿ ಇಲ್ಲವೇ ಇಲ್ಲ, ಅದು ಪುಸ್ತಕಗಳಲ್ಲಿದೆ. ಹದಿನಾರನೆಯ ಶತಮಾನದ ನಡುವೆ ಸಾಳ್ವಮಲ್ಲನ ಆಶ್ರಯದಲ್ಲಿ ಕವಿ ಸಾಳ್ವನು ಜೈನ ಪರಂಪರೆಯ ಭಾರತಕಥೆಯನ್ನು ಷಟ್ಪದಿಯಲ್ಲಿ ರಚಿಸಿದನು; ‘ರಸರತ್ನಾಕರ’ ಎಂಬ ಅಲಂಕಾರಗ್ರಂಥವನ್ನೂ ಬರೆದನು. ಗೇರುಸೊಪ್ಪೆಯ ವಾದಿ ವಿದ್ಯಾನಂದನು ನಾನಾ ಅರಸರ ಆಸ್ಥಾನಗಳಲ್ಲಿ ವಾದದಲ್ಲಿ ಗೆದ್ದುದನ್ನು ಹುಂಚದ ಶಾಸನವೊಂದು ವಿವರಿಸುತ್ತದೆ. ಅವನು ಸಂಕಲಿಸಿದ ‘ಕಾವ್ಯಸಾರ’ವು ಹಿಂದಿನ ಕವಿಗಳ ಪದ್ಯಗಳನ್ನು ವಿಷಯವಾರು ಆಯ್ದು ಕೊಡುವ ಗ್ರಂಥ. ಹಡಗುಗಳ ಹೊಗೆಯೂ ಫಿರಂಗಿಗಳ ಸದ್ದೂ ಹತ್ತಿರವಿದ್ದ ಕಾಲದಲ್ಲಿ ಒಬ್ಬ ವಿದ್ವಾಂಸನು ಹಳೆಯ ಪದ್ಯಗಳನ್ನು ಒಂದೆಡೆ ಕೂಡಿಸುತ್ತಿದ್ದನೆಂಬುದು ಯೋಚನೆಗೆ ಹಚ್ಚುವ ವಿಷಯ.

ಭಟ್ಕಳದಿಂದ ಒಳನಾಡಿಗೆ ಹೋದರೆ ಗದ್ದೆ ತೋಟಗಳ ನಡುವೆ ಹಾಡುವಳ್ಳಿ ಸಿಗುತ್ತದೆ. ಪಂಡಿತರು ಅದರ ಹೆಸರಿನಲ್ಲಿ ಹಾಡನ್ನು ಕಂಡು ಸಂಗೀತಪುರವೆಂದರು. ಚಂದ್ರನಾಥ ಬಸದಿಯನ್ನೂ ಇಪ್ಪತ್ತನಾಲ್ಕು ತೀರ್ಥಂಕರರ ಬಿಂಬಗಳನ್ನೂ ನೋಡಲು ಬರುವವರು ಅಲ್ಲಿ ವಿರಳ. ಆದರೆ ಕನ್ನಡ ವ್ಯಾಕರಣವನ್ನು ಓದಿದ ಯಾರೂ ಈ ಊರನ್ನು ಸುಮ್ಮನೆ ದಾಟಿಹೋಗುವಂತಿಲ್ಲ. ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕದೇವನು ಹಾಡುವಳ್ಳಿಯ ಗುರುಪರಂಪರೆಗೆ ಸೇರಿದವನು. 592 ಸಂಸ್ಕೃತ ಸೂತ್ರಗಳು, ಅವಕ್ಕೆ ವೃತ್ತಿ, ವೃತ್ತಿಗೆ ವ್ಯಾಖ್ಯಾನ, ಉದಾಹರಣೆಗಳಿಗೆ ಕನ್ನಡದ ಪೂರ್ವಕವಿಗಳು: ಹೀಗೆ ಪಾಣಿನೀಯ ಪದ್ಧತಿಯ ಪೂರ್ಣ ಸಾಮಗ್ರಿಯಿಂದ ಅವನು ಕನ್ನಡವನ್ನು ವಿವರಿಸಿದನು. ಕೇಶಿರಾಜನು ಕನ್ನಡದ ಕಂದಪದ್ಯಗಳಲ್ಲಿ ಕನ್ನಡಿಗರಿಗಾಗಿ ಬರೆದಿದ್ದನು. ಭಟ್ಟಾಕಳಂಕನು ಇಡೀ ದೇಶದ ಪಂಡಿತವರ್ಗದ ಮುಂದೆ ಕನ್ನಡದ ಪರವಾಗಿ ನಿಂತನು. ದೇಶಭಾಷೆಯು ಶಾಸ್ತ್ರಕ್ಕೆ ಅರ್ಹವಲ್ಲ ಎಂಬ ಆಕ್ಷೇಪಕ್ಕೆ ಉತ್ತರವಾಗಿ ಕನ್ನಡದಲ್ಲಿ ಶಾಸ್ತ್ರಗ್ರಂಥಗಳೂ ರಚಿತವಾಗಿವೆ ಎಂದು ‘ಚೂಡಾಮಣಿ’ ಎಂಬ ತೊಂಬತ್ತಾರು ಸಾವಿರ ಗ್ರಂಥಪ್ರಮಾಣದ ಕೃತಿಯನ್ನು ಅವನು ಹೆಸರಿಸುತ್ತಾನೆ. ಆ ಕೃತಿ ಇಂದು ನಮಗೆ ಉಳಿದಿಲ್ಲ. ಅದರ ನೆನಪನ್ನು ಉಳಿಸಿದವರಲ್ಲಿ ಅವನೂ ಒಬ್ಬ.

ಈ ವ್ಯಾಕರಣದ ರಚನಾಕಾಲ 1604. ಚೆನ್ನಭೈರಾದೇವಿಯ ರಾಜ್ಯಕ್ಕೆ ಆಗ ಉಳಿದಿದ್ದ ಆಯುಷ್ಯ ಎರಡು ವರ್ಷ. ನಾಡು ಕುಸಿಯುವ ಹೊತ್ತಿಗೆ ಆ ನಾಡಿನ ವಿದ್ಯಾಪರಂಪರೆಯು ತನ್ನ ಅತ್ಯಂತ ಗಟ್ಟಿಯಾದ ಕಟ್ಟಡವನ್ನು ಮುಗಿಸಿತ್ತು. ಅರಮನೆಯ ಒಂದು ಕೋಣೆಯನ್ನೂ ಇಂದು ಗುರುತಿಸುವುದು ಕಷ್ಟ. ಶಬ್ದಾನುಶಾಸನದ ಒಂದು ಸೂತ್ರವೂ ಕಳೆದುಹೋಗಿಲ್ಲ. 1890ರಲ್ಲಿ ರೈಸ್ ಅವರು ಅದನ್ನು ಅಚ್ಚು ಹಾಕಿಸಿದರು. ಹೀಗಿದ್ದರೂ ಗೇರುಸೊಪ್ಪೆಗೆ ಅಧ್ಯಯನ ಪ್ರವಾಸ ಬರುವ ಕನ್ನಡ ವಿದ್ಯಾರ್ಥಿಗಳಲ್ಲಿ ಮೆಣಸಿನ ರಾಣಿಯ ಹೆಸರು ಕೇಳದವರು ಇರಲಾರರು, ಭಟ್ಟಾಕಳಂಕನ ಒಂದು ಸೂತ್ರವನ್ನಾದರೂ ಓದಿದವರು ವಿರಳ. ವಿದ್ಯಾರ್ಥಿಗಳನ್ನು ದೂರಿ ಪ್ರಯೋಜನವಿಲ್ಲ. ಹಳೆಯ ವ್ಯಾಕರಣವೂ ಶಾಸನವೂ ಪಠ್ಯಕ್ರಮದ ಅಂಚಿಗೆ ಸರಿದಂತೆಲ್ಲ ಅವುಗಳನ್ನು ಓದಿ ಹೇಳುವವರೂ ಕಡಿಮೆಯಾಗುತ್ತಾರೆ. ಅಂಥ ಓದುಗರು ಇಲ್ಲವಾದ ದಿನ ನಗಿರೆಯ ಬಗೆಗೆ ಉಳಿಯುವುದು ದೋಣಿಯಲ್ಲಿ ಹೋಗುವಾಗ ಕೇಳಿದ ಕಥೆ ಮಾತ್ರ. 1606ರ ನಾಶಕ್ಕಿಂತ ಅದು ಸಣ್ಣ ನಾಶವಲ್ಲ.

ಗೇರುಸೊಪ್ಪೆಯವರು ತಾವೂ ಊರೂರು ನೋಡಲು ಹೋಗುತ್ತಿದ್ದವರೇ. ಶ್ರವಣಬೆಳಗೊಳದ 1412ರ ಶಾಸನವೊಂದು ಗೇರುಸೊಪ್ಪೆಯ ಹಿರಿಯಯ್ಯನವರ ಶಿಷ್ಯನಾದ ಗುಮ್ಮಟಣ್ಣ ಎಂಬವನನ್ನು ನೆನೆಯುತ್ತದೆ. ಅವನು ಕಡಲ ಬದಿಯಿಂದ ಘಟ್ಟ ಹತ್ತಿ, ದೂರದ ಬೆಳಗೊಳಕ್ಕೆ ಹೋಗಿ, ಗುಮ್ಮಟನಾಥನ ದರ್ಶನ ಮಾಡಿದನು. ಅಷ್ಟಕ್ಕೇ ಹಿಂತಿರುಗಲಿಲ್ಲ, ಮಂಗಾಯಿ ಬಸದಿಯೂ ಸೇರಿದಂತೆ ಅಲ್ಲಿ ಶಿಥಿಲವಾಗಿದ್ದ ಕೆಲವು ಬಸದಿಗಳ ಜೀರ್ಣೋದ್ಧಾರವನ್ನು ಮಾಡಿಸಿದನು. ಪಾಳುಬಿದ್ದದ್ದನ್ನು ನೋಡಿ ಮರುಗಿ ಬರೆದ ರೋಮಿನವನ ಪತ್ರಕ್ಕೆ ಅದರದೇ ಬೆಲೆಯಿದೆ. ಅವನು ಬರೆಯದಿದ್ದರೆ ನಮಗೆ ಆ ದೃಶ್ಯವೂ ಸಿಗುತ್ತಿರಲಿಲ್ಲ. ಆದರೆ ಸಾಹಿತ್ಯದ ವಿದ್ಯಾರ್ಥಿಗೆ ಒಪ್ಪುವ ಮಾದರಿ ಗುಮ್ಮಟಣ್ಣನದು. ಕಲ್ಲನ್ನು ಎತ್ತಿ ನಿಲ್ಲಿಸುವ ಕೆಲಸ ಪುರಾತತ್ತ್ವ ಇಲಾಖೆಯದು. ಸವೆದ ಶಾಸನಪಾಠವನ್ನು ಮತ್ತೆ ಓದಿ ನೋಡುವುದು, ‘ಕಾವ್ಯಸಾರ’ದ ಪದ್ಯವೊಂದರ ಕವಿಯನ್ನು ಗುರುತಿಸುವುದು, ಶಬ್ದಾನುಶಾಸನದ ಉದಾಹರಣೆಯೊಂದು ಯಾವ ಕಾವ್ಯದ್ದೆಂದು ಹುಡುಕುವುದು, ನಗರಬಸ್ತಿಕೇರಿಯ ಹಿರಿಯರು ಇಂದಿಗೂ ಬಳಸುವ ಗದ್ದೆ, ಕೆರೆ, ಕೇರಿಗಳ ಹೆಸರುಗಳನ್ನು ಬರೆದುಕೊಳ್ಳುವುದು: ಇವು ಅವನ ಪಾಲಿನ ಜೀರ್ಣೋದ್ಧಾರ ಕಾರ್ಯಗಳು. ಇವಕ್ಕೆ ಹೆಚ್ಚಿನ ಹಣ ಬೇಡ. ಅಕ್ಷರದ ಮೇಲೆ ಶ್ರದ್ಧೆ, ಒಂದಿಷ್ಟು ವ್ಯವಧಾನ, ಜೊತೆಗೆ ಓದಿ ತೋರಿಸುವ ಒಬ್ಬ ಗುರು ಇದ್ದರೆ ಸಾಕು.